ಜಯತೀರ್ಥ ಮಾಸ್ತರರ ಮೀನಿನ ಪೆಟ್ಟಿಗೆ

ಜಯತೀರ್ಥ ಮಾಸ್ತರರ ನೆನಪಾದರೆ ನನಗೆ ಈಗಲೂ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನಗು. ಸಿಟ್ಟು ಯಾರ ಮೇಲೆ ಎಂಬುದನ್ನು ಹೇಳಲಿಕ್ಕೇ ಕೂತಿದ್ದೇನೆ.

ನಾನು ಮಲ್ಲಣ್ಣ, ಕಲಬುರಗಿಯ ನೆಹರು ಗಂಜ್ ಪೇಟೆಯಲ್ಲಿ ತೊಗರಿಬೇಳೆ ವ್ಯಾಪಾರಿ. ಕೆಳಗೆ ನನ್ನ ಅಂಗಡಿ, ಹಿಂದೆ ನನ್ನ ಸಂಸಾರ, ಮಾಳಿಗೆಯ ಮೇಲಿನ ಖೋಲಿಯಲ್ಲಿ ಮಾಸ್ತರರ ಬಾಡಿಗೆ. ಅವರು ಕಮಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಮುಂಜಾನೆ ಏಳರ ಬಸ್ಸಿಗೆ ಹೋದರೆ ಸಂಜೆ ಆರಕ್ಕೇ ಬರುವುದು. ನಲವತ್ತು ದಾಟಿದ್ದರೂ ಮದುವೆ ಇಲ್ಲ. ಹೆಣ್ಣು ನೋಡಲು ಹೋದ ಮನೆಯಲ್ಲಿ ನಿಂತ ಗಡಿಯಾರ ಕಂಡರೆ ಹೆಣ್ಣನ್ನು ಬಿಟ್ಟು ಗಡಿಯಾರ ಬಿಚ್ಚಿ ಕೂರುವ ಆಸಾಮಿಗೆ ಯಾರು ಹೆಣ್ಣು ಕೊಟ್ಟಾರು?

ಇಸವಿ ಎರಡು ಸಾವಿರದ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಅವರು ತಾವೇ ಗಾಜು ಅಂಟಿಸಿ ಆರಡಿ ಉದ್ದದ ಮೀನಿನ ಪೆಟ್ಟಿಗೆ ಮಾಡಿದರು. ವೈಷ್ಣವರ ಮನೆಯಲ್ಲಿ ಮೀನು ಅಂತ ಗಂಜಿನವರೆಲ್ಲ ನಕ್ಕರು. ಮಾಸ್ತರರು ಬಿಟ್ಟಾರೆಯೇ?

"ದೇವರ ಮೊದಲನೇ ಅವತಾರ ಅದ ರೀ, ಸಾವ್ಕಾರ್ರ. ಇದಕ್ಕ ಬ್ಯಾರೆ ಬಾಡಿಗಿ ಕೇಳಬ್ಯಾಡ್ರಿ" ಎಂದರು.

ಹನ್ನೆರಡು ಬಂಗಾರದ ಬಣ್ಣದ ಮೀನು. ಅವುಗಳ ಜೊತೆ ತಮ್ಮ ಮನೆಮಾತು ಮರಾಠಿಯಲ್ಲಿ ಮಾತು, ನಮ್ಮ ಜೊತೆ ಕನ್ನಡದಲ್ಲಿ. ಪೆಟ್ಟಿಗೆಯ ಕೆಳಗೆ ಇನ್ನೊಂದು ಗಾಜಿನ ತೊಟ್ಟಿ ಇತ್ತು. ಮೇಲೆ ಹೆಚ್ಚಾದ ನೀರು ಒಂದು ಪೈಪಿನಿಂದ ಕೆಳಗಿನ ತೊಟ್ಟಿಗೆ ಇಳಿದು, ಸ್ಪಂಜು, ಇದ್ದಿಲು ದಾಟಿ ಶುದ್ಧವಾಗಿ, ಹಳೆ ಕೂಲರಿನ ಮೋಟಾರಿನಿಂದ ಇನ್ನೊಂದು ಪೈಪಿನಲ್ಲಿ ಮತ್ತೆ ಮೇಲೇರುತ್ತಿತ್ತು. ನೋಡುತ್ತ ನಿಂತರೆ ಗಿರಾಕಿ ಮರೆತುಹೋಗುವಷ್ಟು ಚೆಂದ. ನಾನೂ ದಿನಕ್ಕೆರಡು ಸಲ ನೆವ ಮಾಡಿ ಮೇಲೆ ಹತ್ತುತ್ತಿದ್ದೆ, ಸುಳ್ಳೇಕೆ ಹೇಳಲಿ?

ಆದರೆ ನಮ್ಮೂರ ಕರೆಂಟು! ಮಧ್ಯಾಹ್ನ ಎರಡಾಯಿತೆಂದರೆ ಹೋಯಿತೇ. ಮೋಟಾರ್ ನಿಂತ ಕೂಡಲೇ ಮೇಲಿನ ನೀರು ಮೋಟಾರಿನ ಪೈಪಿನಲ್ಲೇ ಹಿಂದಕ್ಕೆ ಓಡಿಬಂದು ತೊಟ್ಟಿ ತುಂಬಿ ಚೆಲ್ಲಿತು. ಖೋಲಿಯ ಹಲಗೆ ನೆಲದ ಸಂದಿಯಿಂದ ನೇರ ನನ್ನ ಬೇಳೆ ಚೀಲದ ಮೇಲೆ! ಒಂದು ಸಲ, ಎರಡು ಸಲ ಸುಮ್ಮನಿದ್ದೆ. ಮೂರನೇ ಸಲ ಅಂಗಡಿಯ ಕಟ್ಟೆಯ ಮೇಲೇ ನಿಂತು, ಬಸ್ಸಿಳಿದು ಬಂದ ಮಾಸ್ತರರಿಗೆ ಹತ್ತು ಜನರ ಮುಂದೆ ಬೈದೆ. "ಇನ್ನೊಂದು ಸಲ ಹನಿ ಬಿತ್ತಂದ್ರ ಮೀನು ಇಲ್ಲಿಂದ ಖಾಲಿ!"

ಮಾಸ್ತರರು ತಲೆ ತಗ್ಗಿಸಿ ಮೇಲೆ ಹೋದರು. ಆದರೆ ಮರುದಿನ ಸಂಜೆ ಬಸ್ಸಿಳಿದವರು ಓಡುತ್ತಲೇ ಬಂದರು. ಕಮಲಾಪುರದಲ್ಲಿ ಬಾಳೆತೋಟ ಮಾಡಿಸುವ ಕಸ್ತೂರಿಬಾಯಿ ಎಂಬಾಕೆಯ ಹತ್ತಿರ ತಮ್ಮ ಗೋಳು ತೋಡಿಕೊಂಡಿದ್ದರಂತೆ. ಆಕೆ ನಕ್ಕುಬಿಟ್ಟಳಂತೆ.

"ಪೈಪಿನ ಬಾಯಿ ನೀರಾಗ ಮುಳುಗಿಸಿಟ್ಟೀರೇನ್ರಿ? ಮೋಟಾರ್ ನಿಂತ್ರ ಅದು ನೀರು ವಾಪಸ್ ಎಳೀತದ. ನಮ್ಮ ತೋಟದಾಗ ಒಮ್ಮೆ ಹಂಗೇ ತೊಟ್ಟಿ ನೀರೆಲ್ಲ ಬಾವಿಗೆ ಹೋಗಿತ್ತು. ನೀರಿನ ಮಟ್ಟಕ್ಕ ಪೈಪಿಗೊಂದು ಸಣ್ಣ ತೂತು ಹಾಕ್ರಿ. ಗಾಳಿ ಹೊಕ್ಕರ ಎಳೆಯೋದು ನಿಲ್ತದ."

ಭಾನುವಾರ ಮಾಸ್ತರರು ತೂತು ಹಾಕಿದರು. ಏಳು ಸಲ ಸ್ವಿಚ್ ಆರಿಸಿ ತೋರಿಸಿದರು. ಎರಡು ಬಕೀಟಿನಷ್ಟು ನೀರು ಇಳಿಯಿತು, ಪೈಪು ಗೊರಕ್ ಎಂದಿತು, ನಿಂತಿತು! ತೊಟ್ಟಿಯ ನೀರು ಅಂಚಿಗೆ ಕೂದಲೆಳೆಯಷ್ಟು ಕೆಳಗೆ ಉಳಿದಿತ್ತು. ಇಬ್ಬರೂ ಹುಡುಗರಂತೆ ಕುಣಿದೆವು. ಮತ್ತೆ ಮೋಟಾರ್ ಹಾಕಿ, ತೊಟ್ಟಿಯಲ್ಲಿ ನೀರು ನಿಂತ ಮಟ್ಟಕ್ಕೆ ಗಾಜಿನ ಮೇಲೆ ಕೆಂಪು ಬಣ್ಣದ ಗೆರೆ ಎಳೆದು, ಅದು ಯಾಕೆಂದು ಹೇಳಲು ಅವರು ಬಾಯಿ ತೆರೆದರು. ಕೆಳಗೆ ಗಿರಾಕಿ ಕೂಗಿದ. ನಾನು ದಡದಡ ಇಳಿದುಹೋದೆ.

ಬುಧವಾರ ಮಧ್ಯಾಹ್ನ ಕರೆಂಟ್ ಹೋಯಿತು. ಹನಿ, ಹನಿ, ಆಮೇಲೆ ಧಾರೆ. ಮೂರು ಚೀಲ ಬೇಳೆ ಒದ್ದೆ!

ಸಂಜೆ ಮಾಸ್ತರರು ಬಂದು ನೋಡುವಾಗ ಕರೆಂಟ್ ಬಂದು ಮೋಟಾರ್ ಓಡುತ್ತಿತ್ತು. ನೀರು ಸರಿಯಾಗಿ ಕೆಂಪು ಗೆರೆಗೇ ಇತ್ತು. ನೆಲ ಮಾತ್ರ ಒದ್ದೆ. "ಇದು ಆಗಲಾರದ ಮಾತು ರೀ" ಎಂದು ತಲೆ ಹಿಡಿದು ಕೂತರು. ಮೀನು ಕಸ್ತೂರಿಬಾಯಿಯ ತೋಟದ ತೊಟ್ಟಿಗೆ ಹೋಗಲಿ ಎಂದು ನಾನು ಆ ಭಾನುವಾರಕ್ಕೆ ನಬಿಸಾಬನ ಟೆಂಪೊ ಹೇಳಿಬಿಟ್ಟೆ. ಆ ನಾಲ್ಕು ದಿನ ಅವರ ಖೋಲಿಯಿಂದ ಒಗ್ಗರಣೆಯ ವಾಸನೆಯೂ ಬರಲಿಲ್ಲ. ನನ್ನ ಹೆಂಡತಿ ಶಂಕ್ರಮ್ಮ ರೊಟ್ಟಿ ಕಳಿಸಿದರೆ ಹಾಗೇ ವಾಪಸ್ ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನಳ ಬಂತು. ನಮ್ಮ ಗಂಜಿನಲ್ಲಿ ನಾಲ್ಕು ದಿನಕ್ಕೊಮ್ಮೆ ನಳ. ಬಂದಾಗ ಹಂಡೆ, ಕೊಡ, ಬೋಗುಣಿ, ಕಡೆಗೆ ಚಹಾದ ಕಪ್ಪನ್ನೂ ಕಂಠಮಟ್ಟ ತುಂಬಿಡುವುದು ನಮ್ಮ ಧರ್ಮ. ಮಾಸ್ತರರು ಊರಲ್ಲಿರುವುದಿಲ್ಲವೆಂದು ಅವರ ಹಂಡೆಯನ್ನೂ ನಾನೇ ತುಂಬಿಸುತ್ತಿದ್ದೆ. ಅಂದೂ ಬಕೀಟು ಹೊತ್ತು ಹೋದೆ. ಅವರು ಮೀನುಗಳನ್ನು ಒಂದೊಂದಾಗಿ ಕೊಡಕ್ಕೆ ಬಿಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೂ ಸಂಕಟವಾಯಿತು. ಹಂಡೆ ತುಂಬಿಸಿ, ಉಳಿದ ಬಕೀಟನ್ನು ಗಾಜಿನ ತೊಟ್ಟಿಗೆ ಸುರಿದೆ.

"ಏನ್ ಮಾಡಾಕತ್ತೀರಿ, ಸಾವ್ಕಾರ್ರ?"

"ಯಾಕ್ರೀ, ತೊಟ್ಟಿ ಅರ್ಧ ಖಾಲಿ ಅದಲ್ಲ?"

"ಯಾವಾಗ್ಲೂ ಹಾಕ್ತೀರೇನು?"

"ನಳ ಬಂದಾಗೆಲ್ಲ ಹಾಕ್ತೀನಿ. ಎರಡು ಬಕೀಟು ಹಿಡೀತದ. ಬುಧವಾರಾನೂ ಹಾಕೀನಿ. ನೀರು ಬಂದ ದಿನ ಪಾತ್ರಿ ಅರ್ಧ ಬಿಡ್ತಾರೇನ್ರಿ ಯಾರಾದ್ರೂ?"

ಮಾಸ್ತರರು ನನ್ನನ್ನೇ ದಿಟ್ಟಿಸಿ ನೋಡಿದರು. ಇನ್ನೊಂದು ಬಕೀಟು ಸುರಿಯಿರಿ ಎಂದರು. ಸುರಿದೆ. ಸ್ವಿಚ್ ಆರಿಸಿದರು. ತೊಟ್ಟಿ ಉಕ್ಕಿ ನೀರು ನನ್ನ ಪಾದ ತೊಯಿಸಿಕೊಂಡು ನೆಲದ ಸಂದಿಗೆ ಓಡಿತು. ಮತ್ತೆ ಸ್ವಿಚ್ ಹಾಕಿದರು. ಮೋಟಾರ್ ನೀರೆಳೆದುಕೊಂಡಿತು. ಎಲ್ಲಿಗೆ ಬಂದು ನಿಂತಿತು ಗೊತ್ತೇ? ಕೆಂಪು ಗೆರೆಗೆ! ನಾನು ಹಾಕಿದ ಹೆಚ್ಚಿನ ನೀರೆಲ್ಲ ನನ್ನ ಬೇಳೆಯ ಮೇಲೆ ಹೋಗಿ, ತೊಟ್ಟಿ ಏನೂ ಆಗಿಲ್ಲವೆಂಬಂತೆ ಕೂತಿತ್ತು.

"ಮೇಲಿಂದ ಇಳಿಯೋ ನೀರಿಗೆ ಜಾಗಾ ಬೇಕಲ್ರೀ. ಗೆರಿ ಮ್ಯಾಲಿಂದು ಖಾಲಿ ಬಿಟ್ಟಿದ್ದೇ ಅದಕ್ಕ" ಎಂದರು ಮೆಲ್ಲಗೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನೋ ಹಟಮಾರಿ. "ಸ್ವಿಚ್ಚಿನ ಆಟ ಬ್ಯಾಡ, ಖರೇ ಕರೆಂಟ್ ಹೋಗ್ಲಿ, ನೋಡೂಣು" ಎಂದೆ. ಕೂತೆವು. ಎರಡಾಯಿತು. ಕರೆಂಟ್ ಹೋಗಲಿಲ್ಲ! ದಿನಾ ಶಾಪ ಹಾಕುವ ಬಾಯಲ್ಲೇ ಅಂದು ಶರಣಬಸವೇಶ್ವರನಿಗೆ ಕಾಯಿ ಹರಕೆ ಹೊತ್ತೆ, ಕರೆಂಟ್ ಹೋಗಲೆಂದು. ಕೆಳಗೆ ನಬಿಸಾಬ ಹಾರ್ನ್ ಹೊಡೆದ. ಎರಡೂವರೆ. ಶಂಕ್ರಮ್ಮನೂ ಬಂದು ನಿಂತಳು. ಫಟ್ಟನೆ ಫ್ಯಾನ್ ನಿಂತಿತು.

ನೀರು ಇಳಿಯಿತು. ತೊಟ್ಟಿ ಏರಿತು. ಗೆರೆ ದಾಟಿತು, ಒಂದು ಬೆರಳು, ಎರಡು ಬೆರಳು, ನಾಲ್ಕು. ಪೈಪು ಗೊರಕ್ ಎಂದಿತು. ನೀರು ಅಂಚಿನ ಕೆಳಗೇ ನಿಂತಿತು, ಅಲುಗದೆ ನಿಂತಿತು! ನಾನು ಕೂಗಿದ ಕೂಗಿಗೆ ಎದುರಿನ ಅಡತಿ ಅಂಗಡಿಯವರೆಲ್ಲ ಹೊರಗೆ ಬಂದರಂತೆ. ಮಾಸ್ತರರು ಕೂಗಲಿಲ್ಲ. ನೆಲದ ಮೇಲೆ ಕೂತು ತೊಟ್ಟಿಯ ಸುತ್ತ ಹನಿ ಬಿದ್ದಿದೆಯೇ ಎಂದು ಅಂಗೈ ಆಡಿಸಿ ನೋಡುತ್ತಿದ್ದರು.

ನಬಿಸಾಬ ಬೇಸತ್ತು ಅಂಗಳದಿಂದ ಕೂಗಿದ. "ಸೇಠಜೀ, ಸಾಮಾನ ಯಾವಾಗ ತರ್ತೀರಿ?"

ಕಿಟಕಿಯಿಂದ ಬಗ್ಗಿದೆ. ಕೆಳಗೆ ಅರ್ಧ ಗಂಜೇ ನಿಂತಿತ್ತು.

"ಸಾಮಾನ ಎಲ್ಲೂ ಹೋಗಂಗಿಲ್ಲೋ ನಬಿಸಾಬ. ಮಾಸ್ತರ್ರದೇನೂ ತಪ್ಪಿಲ್ಲ. ಬುಧವಾರ ಬೇಳೆ ತೋಯಿಸಿದಾವ ನಾನೇ!"

ಕೆಳಗೆ ನಗೆಯೋ ನಗೆ. ನಾನು ತಿರುಗಿ ನೋಡಿದಾಗ ಮಾಸ್ತರರು ಕೊಡ ಬಗ್ಗಿಸಿ, ಮೀನುಗಳಿಗೆ ಮರಾಠಿಯಲ್ಲಿ ಏನೋ ಹೇಳುತ್ತ, ಒಂದೊಂದನ್ನೇ ನೀರಿಗೆ ಬಿಡುತ್ತಿದ್ದರು.