ಮೂರು ಜನ ಕಡಿಮೆ

ನನಗೆ ಕ್ಯೂ ಕಂಡರೆ ಆಗುವುದಿಲ್ಲ. ಶಿವಮೊಗ್ಗದ ಥಿಯೇಟರಿನಲ್ಲಿ ಒಂದು ಶುಕ್ರವಾರ ಯಾರೋ ಕಾಲು ತುಳಿದರೆಂದು, ಟಿಕೆಟ್ ಕೈಯಲ್ಲಿದ್ದರೂ ಮನೆಗೆ ವಾಪಸ್ ಬಂದವಳು ನಾನು. ಆಮೇಲಿಂದ ಸಿನಿಮಾ ಅಂದರೆ ಮೂರನೇ ವಾರ, ಮಂಗಳವಾರದ ಮಾರ್ನಿಂಗ್ ಶೋ, ಅದೂ ಬಸ್ಸು ಹತ್ತಿ ಭದ್ರಾವತಿಗೆ ಹೋಗಿ. ಗಂಡ ಗೊಣಗುತ್ತಲೇ ಜೊತೆಗೆ ಬರುತ್ತಾರೆ.

ಮೊನ್ನೆ ಹೋದಾಗ ಕೌಂಟರಿನವರು ತಲೆಯಾಡಿಸಿದರು. “ಹತ್ತು ಜನ ಆಗ್ದಿದ್ರೆ ಶೋ ಹಾಕಲ್ಲ ಮೇಡಂ. ನೀವಿಬ್ರೂ ಸೇರಿ ಏಳಾಯ್ತು.”

“ಜನ ಬೇಡ ಅಂತ ಇಲ್ಲಿಗೆ ಬಂದ್ಯಲ್ಲ, ಈಗ ಜನ ಹುಡುಕು ಮಾರಾಯ್ತಿ!” ಎಂದು ಗಂಡ ನಕ್ಕರು.

ರೇಗಿ ಹೋಯಿತು. ಸೀದಾ ಗೇಟಿಗೆ ಹೋಗಿ ನಿಂತೆ. ತರಕಾರಿ ಚೀಲ ಹೊತ್ತು ಹೋಗುತ್ತಿದ್ದ ಇಬ್ಬರು ಹೆಂಗಸರನ್ನು ಕೂಗಿದೆ: “ಎರಡೂವರೆ ಗಂಟೆ ಕಾಲು ಚಾಚಿ ಕೂತ್ಕೋಬಹುದು, ಬನ್ರೀ!” ಅವರು ಮುಖ ಮುಖ ನೋಡಿಕೊಂಡು, ನಗುತ್ತ ಒಳಗೆ ಬಂದರು.

ಇನ್ನೊಬ್ಬರು ಬೇಕಿತ್ತು. ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಹಿರಿಯರೊಬ್ಬರನ್ನು ತಡೆದೆ.

“ನಂಗೆ ಈ ಗಲಾಟೆ, ನೂಕುನುಗ್ಗಲು ಎಲ್ಲಾ ಆಗಲ್ಲಮ್ಮ,” ಎಂದರು.

“ನಂಗೂ ಆಗಲ್ಲ. ಒಂಬತ್ತೇ ಜನ ಇರೋದು, ಬನ್ನಿ!”

ಅವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು.

ಹಾಲ್ ತುಂಬ ಖಾಲಿ ಕುರ್ಚಿಗಳಿದ್ದವು. ನಾನು ಹೋಗಿ ಆ ಹೆಂಗಸರ ಮಗ್ಗುಲಲ್ಲೇ ಕೂತೆ.