ನಾಲ್ಕು ಬೆರಳು ಮೇಲೆ

ನಮ್ಮ ಅತ್ತೆಯನ್ನು ಮುದುಕಿ ಮಾಡಿದ್ದು ನಾನು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ — ಗಂಡನಿಗೂ. ಜೀಪಿನ ಏಣಿಯ ಕೆಳಗಿನ ಮೆಟ್ಟಿಲನ್ನು ನಾಲ್ಕು ಬೆರಳಿನಷ್ಟು ಮೇಲಕ್ಕೆ ಹಾಕಿಸಿದವಳು ನಾನು. ಅದನ್ನು ಹತ್ತಲಾರದೆ ಅವರು ತಮ್ಮ ಕಾಲನ್ನೇ ದೂರಿಕೊಂಡಾಗ ಪಕ್ಕದಲ್ಲಿ ನಿಂತು ಸುಮ್ಮನಿದ್ದವಳೂ ನಾನೇ. ಸುಮ್ಮನಿದ್ದೆ ಎಂದರೆ ಅದೂ ಸುಳ್ಳು. ಒಂದು ಮಾತು ಆಡಿದೆ, ಅದನ್ನು ಮುಂದೆ ಹೇಳುತ್ತೇನೆ.

ಅರವತ್ತು ದಾಟಿದ ಹೆಂಗಸು ಜೀಪಿನ ಏಣಿಯನ್ನು ಯಾಕೆ ಹತ್ತಬೇಕಿತ್ತು ಎಂದು ನೀವು ಕೇಳಬಹುದು. ಕೆ. ಹೊಸಕೋಟೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ನನ್ನ ಗಂಡ ಮೋಹನನಿಗೆ ತೋಟಕ್ಕಿಂತ ಜೀಪಿನ ಮೇಲೆ ಪ್ರೀತಿ ಹೆಚ್ಚು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಯಾರದೋ ಮನೆಯಲ್ಲಿ ಒಂದು ವಿದೇಶಿ ಪತ್ರಿಕೆ ನೋಡಿ ಬಂದರು. ಗಾಡಿಯ ತಲೆಯ ಮೇಲೆ ಟೆಂಟು, ಟೆಂಟಿನೊಳಗೆ ಹಾಸಿಗೆ, ಇಳಿಬಿಟ್ಟ ಏಣಿ! ಅಷ್ಟು ಸಾಕಾಯಿತು. ಕ್ಯಾರಿಯರ್ ಮೇಲೆ ಹಲಗೆ ಬಡಿಸಿದರು, ಕಬ್ಬಿಣದ ಸರಳು ಬಗ್ಗಿಸಿ ಟಾರ್ಪಾಲು ಹೊಲಿಸಿದರು, ಕೊಕ್ಕೆ ಹಾಕಿ ನೇತುಬಿಡುವ ಏಣಿ ಮಾಡಿಸಿದರು. ನೆಲಕ್ಕೆ ಗೂಟ ಹೊಡೆದು ಹಾಕುವ ದಪ್ಪ ಬಟ್ಟೆಯ ಹಳೇ ಟೆಂಟೊಂದು ಮನೆಯಲ್ಲಿ ಮೊದಲೇ ಇತ್ತು. ಹಾಗಾಗಿ ಗುಡ್ಡಕ್ಕೆ ಹೊರಡುವಾಗಲೆಲ್ಲ ಮನೆಯಲ್ಲಿ ಅದೇ ಚರ್ಚೆ — ಮಲಗುವುದು ಮೇಲೋ, ಕೆಳಗೋ?

ಮೋಹನ ಮೇಲಿನ ಟೆಂಟಿನ ವಕೀಲರು. ಮೇಲಾದರೆ ಜಿಗಣೆ ಇಲ್ಲ, ಹಾವು ಹುಳದ ಭಯವಿಲ್ಲ, ನೆಲ ಒದ್ದೆಯಾದರೆ ನಮಗೇನು, ಕಲ್ಲು ಆಯಬೇಕಿಲ್ಲ, ಗೂಟ ಹೊಡೆಯಬೇಕಿಲ್ಲ. ನಾನು ನೆಲದ ಕಡೆ. ಕೆಳಗಿನ ಟೆಂಟಿನಲ್ಲಿ ಎದ್ದು ನಿಂತು ಸೀರೆ ಉಡಬಹುದು, ಮೇಲೆ ಕೂತೇ ಉಡಬೇಕು. ಮಗಳು ಸಣ್ಣವಳು, ಹತ್ತು ಸಲ ಹೊರಗೆ ಓಡುವವಳು — ಪ್ರತಿ ಸಲವೂ ಏಣಿ ಇಳಿಸುವವರು ಯಾರು? ನೀರು ತರಲು ಜೀಪು ಬೇಕೆಂದರೆ ಮನೆಯನ್ನೇ ಮಡಚಿಕೊಂಡು ಹೋಗಬೇಕು. ಗಾಳಿ ಎದ್ದರೆ ಜೀಪು ತೊಟ್ಟಿಲಿನ ಹಾಗೆ ಆಡುತ್ತದೆ. ನಾವು ಹೀಗೆ ವಾದ ಮಾಡುತ್ತಿರುವಾಗಲೇ, ಮೊದಲ ಸಲ ಗುಡ್ಡಕ್ಕೆ ಹೋದ ದಿನ, ಅತ್ತೆ ಸೆರಗು ಸಿಕ್ಕಿಸಿ ಏಣಿ ಹತ್ತಿಯೇಬಿಟ್ಟರು.

"ನಾನು ಇಲ್ಲೇ ಕಣ್ಲಾ ಮೋಹನ. ನೀವು ಕೆಳಗೆ ಹಾಕ್ಕಳಿ," ಎಂದು ಮೇಲಿನಿಂದ ಕೂಗಿದರು.

ಅವರು ಪಾಳ್ಯದ ಕಡೆಯವರು. ಹುಡುಗಿಯಾಗಿದ್ದಾಗ ಭತ್ತದ ಗದ್ದೆಯಲ್ಲಿ ಅಟ್ಟಣೆ ಕಟ್ಟಿ, ಅದರ ಮೇಲೆ ಕೂತು ತಗಡು ಬಡಿದು ಹಂದಿ ಕಾದವರಂತೆ. ಬೆಳಿಗ್ಗೆ ಕೆಳಗಿಳಿದು ಬಂದಾಗ ಅವರ ಮುಖ ನಾನು ಅಲ್ಲಿಯವರೆಗೆ ನೋಡದ ಮುಖವಾಗಿತ್ತು. "ಮದ್ವೆ ಆದ್ಮೇಲೆ ಇಷ್ಟು ಎತ್ತರದಾಗೆ ಮಲಗೇ ಇರ್ಲಿಲ್ಲ ಕಣವ್ವ," ಎಂದರು. ಅಂದಿನಿಂದ ಮೇಲಿನ ಟೆಂಟು ಅವರದಾಯಿತು. ಅದಕ್ಕೆ ಇನ್ನೂ ಒಂದು ಕಾರಣವಿತ್ತು. ಹಿರಿಯರ ತಲೆಯ ಮೇಲೆ ಕಿರಿಯರು ಮಲಗಬಾರದು ಎಂಬುದು ನಮ್ಮ ಮನೆಯ ನಿಯಮ. ಅತ್ತೆ ಕೆಳಗೆ ಮಲಗಿದರೆ ಮೇಲೆ ಯಾರೂ ಹತ್ತುವಂತಿಲ್ಲ. ಅವರೇ ಮೇಲೆ ಹೋದರೆ ಯಾರಿಗೂ ತೊಂದರೆಯಿಲ್ಲ.

ತೊಂದರೆ ನನಗಿತ್ತು. ನಾನು ಸಕಲೇಶಪುರ ಪೇಟೆಯವಳು, ಅಂಗಡಿಯವರ ಮಗಳು. ಅತ್ತೆ ಕೆಟ್ಟವರಲ್ಲ — ಇದನ್ನು ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನಿಮಗೆ ನನ್ನ ಮೇಲೆ ಕನಿಕರ ಹುಟ್ಟಿಬಿಡಬಹುದು. ಒಂದು ದಿನ ಬೈದವರಲ್ಲ. ಆದರೆ ಆ ಮನೆಯಲ್ಲಿ ಅವರಿಗೆ ಗೊತ್ತಾಗದಂತೆ ಒಂದು ಡಬ್ಬಿಯ ಮುಚ್ಚಳ ತೆಗೆಯಲೂ ಆಗುತ್ತಿರಲಿಲ್ಲ. ಸೊಂಟದಲ್ಲಿ ಬೀಗದ ಕೈ, ಎಲ್ಲ ಕೋಣೆಯಲ್ಲೂ ಅವರ ದನಿ. ಗುಡ್ಡಕ್ಕೆ ಹೋಗುವ ಆ ಕೆಲವೇ ದಿನಗಳಿಗಾಗಿ ನಾನು ಕಾಯುತ್ತಿದ್ದೆ, ಗಂಡನ ಹತ್ತಿರ ಮನಸ್ಸು ಬಿಚ್ಚಿ ಮಾತಾಡಬಹುದೆಂದು. ಅಲ್ಲಿ ನೋಡಿದರೆ — ಜೀಪಿಗೆ ಒತ್ತಿಕೊಂಡು ಹಾಕಿದ ಟೆಂಟಿನಲ್ಲಿ ನಾನು, ಅತ್ತೆ ನಿಜವಾಗಿಯೂ ನನ್ನ ತಲೆಯ ಮೇಲೆಯೇ. ನಡುವೆ ಬರೀ ಎರಡು ಬಟ್ಟೆ.

ಬಿಸಿಲೆ ಕಡೆಯ ಗುಡ್ಡವೊಂದರಲ್ಲಿ ನಾನು ಅದನ್ನು ಮರೆತೆ. ಮಗಳು ಮಲಗಿದ ಮೇಲೆ ಮೋಹನನ ಕಿವಿಯಲ್ಲಿ ಪಿಸುಗುಟ್ಟಿದೆ. ಸಕಲೇಶಪುರದಲ್ಲಿ ಒಂದು ಮನೆ ಮಾಡೋಣ, ಮಗಳ ಶಾಲೆಗೂ ಆಗುತ್ತೆ, ನನಗೆ ಆ ಮನೇಲಿ ಉಸಿರು ಕಟ್ಟುತ್ತೆ, ನಿಮ್ಮಮ್ಮ ಇರೋವರೆಗೆ ನಾನಲ್ಲಿ ನೆಂಟಳೇ... ಇನ್ನೂ ಏನೇನೋ. ಪಿಸುಗುಟ್ಟಿದ್ದೆ ಎಂದುಕೊಂಡಿದ್ದೆ.

ಬೆಳಿಗ್ಗೆ ಮೂರು ಕಲ್ಲಿನ ಒಲೆಯ ಮುಂದೆ ಕೂತು ಅತ್ತೆ ಕಾಫಿ ಕಾಸುತ್ತಿದ್ದರು. ತಲೆ ಎತ್ತದೆ ಮಗನಿಗೆ ಹೇಳಿದರು, "ಸಕ್ಲೇಶ್ಪುರದಾಗೆ ಮನೆ ನೋಡೋದಾದ್ರೆ ಹೊಳೆ ಪಕ್ಕ ಬ್ಯಾಡ ಕಣ್ಲಾ. ಮಳೆಗಾಲಕ್ಕೆ ಹೇಮಾವತಿ ಒಳಗೇ ಬಂದ್ಬುಡ್ತಾಳೆ." ಆಮೇಲೆ ನಕ್ಕರು. ಮೋಹನನೂ ನಕ್ಕರು, ಬೆಪ್ಪು ನಗೆ.

ನನಗೆ ಮೈಯೆಲ್ಲ ಉರಿದುಹೋಯಿತು. ಏನೇನು ಕೇಳಿಸಿಕೊಂಡರು? "ನೆಂಟಳೇ" ಅಂದಿದ್ದು? ಅದಕ್ಕಿಂತ ಮುಂದಿನದು? ಇವತ್ತು ಯೋಚಿಸಿದರೆ ಅವರು "ನೋಡೋದಾದ್ರೆ" ಅಂದಿದ್ದರು. ಬೇಡ ಅನ್ನಲಿಲ್ಲ, ಅತ್ತು ಕರೆದು ಮಾಡಲಿಲ್ಲ. ಅದು ಒಪ್ಪಿಗೆಯೇ ಇದ್ದೀತು. ಆದರೆ ನನ್ನ ಕಿವಿಗೆ ಬಿದ್ದದ್ದು ಆ ನಗು ಮಾತ್ರ.

ಆ ಸಲ ವಾಪಸು ಬರುವಾಗ ಏಣಿಯ ಕೆಳಗಿನ ಮೆಟ್ಟಿಲಿನ ಬೆಸುಗೆ ಬಿಟ್ಟಿತು. ನಾನಾಗಲೇ ಜೀಪು ಓಡಿಸಲು ಕಲಿತಿದ್ದೆ. ತವರಿಗೆ ಹೊರಟಿದ್ದವಳ ಕೈಗೆ ಮೋಹನ ಏಣಿಯನ್ನೂ ಕೊಟ್ಟು, ಸಕಲೇಶಪುರದಲ್ಲಿ ಬೆಸುಗೆ ಹಾಕಿಸಿಕೊಂಡು ಬಾ ಎಂದರು. ಮನೆಯಿಂದ ಹೊರಡುವಾಗ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಇರಲಿಲ್ಲವೇ? ಘಾಟಿಯಂಥ ತಿರುವುಗಳಲ್ಲಿ ಜೀಪು ತಿರುಗಿಸುತ್ತ ನಾನು ಅದೇ ನಗುವನ್ನು ಎಷ್ಟು ಸಲ ಕೇಳಿಸಿಕೊಂಡೆ ಎಂದು ನನಗೇ ಗೊತ್ತು. ಬೆಸುಗೆಯವನು ಮೆಟ್ಟಿಲು ಹಿಡಿದು, "ಹಳೇ ಜಾಗಕ್ಕೇ ಹಾಕ್ಲಾ ಅಕ್ಕಾ?" ಎಂದು ಕೇಳಿದ.

ಕೇಳದೇ ಇದ್ದಿದ್ದರೆ — ಇಲ್ಲ, ಅವನ ಮೇಲೆ ಹಾಕುವುದು ಬೇಡ.

"ಸ್ವಲ್ಪ ಮೇಲಕ್ಕೆ ಹಾಕಪ್ಪ," ಎಂದೆ. ನಾಲ್ಕು ಬೆರಳು ಜೋಡಿಸಿ ತೋರಿಸಿದೆ. "ಇಷ್ಟು."

ಅವನು ಯಾಕೆಂದು ಕೇಳಲಿಲ್ಲ. ಬೆಸುಗೆ ಆರಿದ ಮೇಲೆ ಏಣಿಗೆಲ್ಲ ಕಪ್ಪು ಬಣ್ಣ ಹೊಡೆಸಿದೆ, ಹಳೆಯ ಗುರುತು ಕಾಣಬಾರದೆಂದು. ಬಣ್ಣ ಹೊಡೆಸುವಷ್ಟು ಬುದ್ಧಿ ನೆಟ್ಟಗಿತ್ತು, ನೋಡಿ. ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ — ವಯಸ್ಸಾದವರು ಬಿದ್ದುಗಿದ್ದರೆ ಗತಿಯೇನು, ಒಳ್ಳೆಯದಕ್ಕೇ ಮಾಡಿದೆ ಎಂದು. ಅವರು ಬೀಳುತ್ತಾರೆಂದು ನಾನು ಒಂದು ದಿನವೂ ಹೆದರಿದವಳಲ್ಲ. ನನ್ನ ತಲೆಯ ಮೇಲಿನಿಂದ ಅವರು ಇಳಿಯಬೇಕಿತ್ತು, ಅಷ್ಟೇ.

ಮುಂದಿನ ಸಲ ಹೋದದ್ದು ಕಾಫಿ ಕೊಯ್ಲು ಮುಗಿದ ಮೇಲೆ. ಹುಲ್ಲು ಗುಡ್ಡ, ಇಳಿಬಿಸಿಲು. ಮಗಳು ಟೆಂಟಿನ ಗೂಟ ಎಣಿಸುತ್ತ ಓಡಾಡುತ್ತಿದ್ದಳು. ಮೋಹನ ಯಾವಾಗಲೂ ಬಂಪರ್ ತುಳಿದು ಮೇಲಕ್ಕೆ ನೆಗೆಯುವವರು, ಕೆಳಗಿನ ಮೆಟ್ಟಿಲು ಅವರಿಗೆ ಲೆಕ್ಕಕ್ಕೇ ಇಲ್ಲ. ಅವರು ಮೇಲೆ ಹಾಸಿಗೆ ಬಿಡಿಸಿ ಇಳಿದರು. ಅತ್ತೆ ಎಂದಿನಂತೆ ಸೆರಗು ಸಿಕ್ಕಿಸಿ ಬಂದರು. ಗಿಡ್ಡ ಹೆಂಗಸು, ಉಟ್ಟದ್ದು ಸೀರೆ. ಕಾಲೆತ್ತಿದರು — ಹೆಬ್ಬೆರಳು ಮೆಟ್ಟಿಲಿಗೆ ತಾಗಿ ಜಾರಿತು. ಇನ್ನೊಮ್ಮೆ ಎತ್ತಿದರು. ಸೀರೆಯನ್ನು ಇನ್ನಷ್ಟು ಮೇಲಕ್ಕೆ ಕಟ್ಟಿ, ಎರಡೂ ಕೈಯಲ್ಲಿ ಏಣಿ ಹಿಡಿದು, ಉಸಿರು ಬಿಗಿಹಿಡಿದು ಮತ್ತೊಮ್ಮೆ. ಆಗಲಿಲ್ಲ.

ಆಮೇಲೆ ಅವರು ಕೆಳಗೆ ನೋಡಿದರು. ಏಣಿಯನ್ನಲ್ಲ. ತಮ್ಮ ಕಾಲನ್ನು.

ಏಣಿಯ ಮೇಲೆ ಅವರಿಗೆ ಸಂಶಯ ಬರಲೇ ಇಲ್ಲ. ಅಂಥದ್ದನ್ನು ಒಬ್ಬರು ಮಾಡಬಹುದು ಎಂಬ ಯೋಚನೆಯೇ ಅವರಿಗೆ ಬರುವಂಥದ್ದಲ್ಲ.

"ಬಾರವ್ವ, ಎತ್ತಿ ಕೂರಿಸ್ತೀನಿ," ಎಂದು ಮೋಹನ ಮುಂದೆ ಬಂದರು.

"ಥೂ, ಸುಮ್ಕಿರ್ಲಾ. ಎತ್ತಿ ಹಾಕಕ್ಕೆ ನಾನೇನು ಕಾಫಿ ಮೂಟೆನಾ?" ಎಂದು ಅತ್ತೆ ಗದರಿದರು. ಬಂಪರ್ ಮೇಲೆ ಕೂತು ಮಂಡಿ ಸವರಿಕೊಂಡರು. ನನ್ನತ್ತ ತಿರುಗಿ ನಗಲು ನೋಡಿದರು. "ಕಾಲು ಸೋತೋಗ್ಬುಟ್ಟವೆ ಕಣವ್ವ. ನಂಗೆ ಗೊತ್ತೇ ಆಗ್ಲಿಲ್ಲ ನೋಡು."

ನಾನು ಹೇಳಬಹುದಿತ್ತು. ಏಣಿ ಸರಿಯಿಲ್ಲ ಅತ್ತೆ, ಬೆಸುಗೆಯವನು ತಪ್ಪು ಜಾಗಕ್ಕೆ ಹಾಕಿದ್ದಾನೆ ಎಂದು ಒಂದು ಸುಳ್ಳಾದರೂ ಹೇಳಬಹುದಿತ್ತು. ಹೇಳಿದ್ದು ಇದು:

"ವಯಸ್ಸಾಯ್ತಲ್ಲ ಅತ್ತೆ. ಇನ್ನು ಕೆಳಗೇ ಮಲಗಿ."

ಏಣಿ ಎತ್ತರಿಸಿದ್ದನ್ನಾದರೂ ಯಾರೋ ಕ್ಷಮಿಸಿಯಾರು. ಈ ಮಾತನ್ನು ನಾನು ಅಷ್ಟು ಮೆತ್ತಗೆ, ಅಷ್ಟು ಪ್ರೀತಿಯಿಂದ ಆಡಿದೆನಲ್ಲ — ಅದು ನೆನಪಾದಾಗ ಇವತ್ತಿಗೂ ಕೂತಲ್ಲಿ ಕೂರಲಾರೆ.

ನಿಯಮದ ಪ್ರಕಾರ ಆ ದಿನ ಮೇಲಿನ ಟೆಂಟು ಖಾಲಿಯೇ ಉಳಿಯಿತು. ಕೆಳಗಿನ ಟೆಂಟಿನಲ್ಲಿ ನಾವು ನಾಲ್ಕೂ ಜನ. ಅಷ್ಟೆಲ್ಲ ಲೆಕ್ಕ ಹಾಕಿದವಳಿಗೆ ಇದೊಂದು ಹೊಳೆದಿರಲಿಲ್ಲ. ತಲೆಯ ಮೇಲಿಂದ ಇಳಿಸಿದ ಅತ್ತೆ ನನ್ನ ಮಗ್ಗುಲಲ್ಲೇ ಮಲಗಿದ್ದರು, ಮಂಡಿ ತಿಕ್ಕಿಕೊಳ್ಳುತ್ತಿದ್ದ ಸದ್ದು ನನಗೆ ಕೇಳುತ್ತಿತ್ತು.

ಆಮೇಲಿನ ಸಲ ಅವರು ಬರಲೇ ಇಲ್ಲ. "ನೀವು ಹೋಗ್ಬನ್ನಿ. ಮ್ಯಾಲೇ ಮಲಗ್ರಿ, ನನ್ನ ತಲೆ ಇಲ್ಲೇ ಮನೇಲಿ ಇರ್ತದಲ್ಲ," ಎಂದು ತಮಾಷೆ ಮಾಡಿ ಕಳಿಸಿಕೊಟ್ಟರು. ಕೊನೆಗೂ ಮೇಲಿನ ಟೆಂಟು ನನಗೆ ಸಿಕ್ಕಿತು. ನಾನೇ ಎತ್ತರಿಸಿದ ಮೆಟ್ಟಿಲನ್ನು ನಾನೇ ಹತ್ತಿದೆ, ಸಲೀಸಾಗಿ. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ, ಏನು ಬೇಕಾದರೂ ಮಾತಾಡಬಹುದಿತ್ತು. ಮೋಹನ ಏನೋ ಕೇಳಿದರೆ ಹೂಂ ಎಂದೆ, ಅಷ್ಟೇ. ಹಲಗೆ ಸ್ವಲ್ಪ ಅಲುಗಿದರೂ ಎದ್ದು ಕೂರುತ್ತಿದ್ದೆ.

ಮನೆಯಲ್ಲಿ ಅತ್ತೆ ಒಂದೊಂದೇ ಬಿಡತೊಡಗಿದರು. ಮೊದಲು ಅಟ್ಟ ಹತ್ತುವುದು ಬಿಟ್ಟರು, ಉಪ್ಪಿನಕಾಯಿ ಜಾಡಿ ಇಳಿಸಲು ನನ್ನನ್ನು ಕೂಗತೊಡಗಿದರು. ತೋಟದ ಇಳಿಜಾರಿಗೆ ಹೋಗುವುದು ನಿಂತಿತು. ಮೋಹನ ಒಂದು ಕೋಲು ತಂದುಕೊಟ್ಟರು, ಅದನ್ನೂ ಹಿಡಿದರು. ಹಾಸನಕ್ಕೆ ಕರೆದುಕೊಂಡು ಹೋಗಿ ತೋರಿಸಿದೆವು. ಡಾಕ್ಟರು, ಈ ವಯಸ್ಸಿಗೆ ಮಂಡಿ ಚೆನ್ನಾಗೇ ಇದೆ, ನಡೆದಾಡಿ ಎಂದರು. ಅತ್ತೆ ನಂಬಲಿಲ್ಲ. "ಚೆಂದಾಗಿದ್ರೆ ಜೀಪಿನ ಏಣಿ ಹತ್ತಕ್ಕೆ ಯಾಕೆ ಆಗ್ಲಿಲ್ಲ ಮಾರಾಯ?" ಎಂದು ಅವರನ್ನೇ ಕೇಳಿದರು. ಡಾಕ್ಟರು ನಕ್ಕರು. ನಾನು ಗೋಡೆಯ ಕಡೆ ನೋಡುತ್ತಿದ್ದೆ.

ಒಂದು ದಿನ ಸೊಂಟದ ಬೀಗದ ಕೈ ಬಿಚ್ಚಿ ನನ್ನ ಕೈಗಿಟ್ಟರು. ಎದ್ದು ಕೂತು ಮಾಡಲಾಗುವುದಿಲ್ಲ, ಇನ್ನು ನೀನೇ ನೋಡ್ಕೋ ಎಂದರು. ಸಕಲೇಶಪುರದ ಮನೆಯ ಮಾತು ಎತ್ತುವ ಹಾಗೂ ಇರಲಿಲ್ಲ, ನಡೆಯಲಾರದ ಅವರನ್ನು ಬಿಟ್ಟು ಹೋಗುವುದು ಹೇಗೆ? ನೆಂಟಳಂತಿದ್ದವಳು ಮನೆಯೊಡತಿಯಾದೆ. ಆ ಬೀಗದ ಕೈಯನ್ನು ನಾನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲೇ ಇಲ್ಲ, ಮೊಳೆಗೆ ನೇತುಹಾಕಿದೆ.

ತಡೆಯಲಾರದೆ ಒಂದು ಬೆಳಿಗ್ಗೆ ಏಣಿಯನ್ನು ಮತ್ತೆ ಸಕಲೇಶಪುರಕ್ಕೆ ಒಯ್ದೆ. ಬೇರೆ ಅಂಗಡಿಗೆ. ಮೆಟ್ಟಿಲು ಕೀಳಿಸಿ, ಹಳೆಯ ಜಾಗಕ್ಕಿಂತ ಇನ್ನೂ ಸ್ವಲ್ಪ ಕೆಳಕ್ಕೇ ಹಾಕಿಸಿದೆ. ಅಂಗಳದಲ್ಲಿ ಜೀಪು ನಿಲ್ಲಿಸಿ, ಟೆಂಟು ಬಿಚ್ಚಿ, ಹಾಸಿಗೆ ಹಾಸಿ, ಜಗಲಿಯಲ್ಲಿ ಕೂತಿದ್ದ ಅತ್ತೆಯ ಹತ್ತಿರ ಹೋದೆ. ನನ್ನ ಪುಣ್ಯವಿದ್ದರೆ ಅವರು ಹತ್ತುತ್ತಾರೆ, ಮಾತಿಲ್ಲದೆಯೇ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ಆಗಲೂ ನನಗೆ ಬಾಯಿಬಿಡದೆ ತಪ್ಪಿಸಿಕೊಳ್ಳುವ ದಾರಿಯೇ ಬೇಕಿತ್ತು.

"ಒಂದ್ಸಲ ಹತ್ತಿ ನೋಡಿ ಅತ್ತೆ. ನಾನು ಹಿಡ್ಕೋತೀನಿ. ಈಗ ಹತ್ತೋಕೆ ಆಗುತ್ತೆ."

ಅವರು ಜೀಪಿನ ಕಡೆ, ಅದರ ತಲೆಯ ಮೇಲಿನ ಟೆಂಟಿನ ಕಡೆ ನೋಡಿದರು. ತುಂಬ ಹೊತ್ತು ನೋಡಿದರು. ಅಟ್ಟಣೆಯ ಹುಡುಗಿ ಆ ಕಣ್ಣಿನಲ್ಲಿ ಇದ್ದಳು, ನಾನು ಕಂಡೆ. ಕೋಲಿನ ಮೇಲೆ ಕೈ ಊರಿದರು, ಎದ್ದೇಬಿಟ್ಟರು ಎಂದುಕೊಂಡೆ. ಏಳಲಿಲ್ಲ. ನನ್ನ ಕೈ ಹಿಡಿದು, ಹಟ ಮಾಡುವ ಮಗುವಿಗೆ ಸಮಾಧಾನ ಹೇಳುವ ಹಾಗೆ ಹೇಳಿದರು.

"ಬ್ಯಾಡ ಬುಡವ್ವ. ನನ್ನ ಕಾಲು ನಂಗೆ ಗೊತ್ತಿಲ್ವಾ?"

ಅವತ್ತೂ ನಾನು ಹೇಳಲಿಲ್ಲ. ಆಮೇಲೂ ಅವರು ಬಹಳ ದಿನ ಬದುಕಿದ್ದರು, ಅದೇ ಜಗಲಿಯಲ್ಲಿ, ನಾನು ಕೊಟ್ಟ ಕಾಫಿ ಕುಡಿದುಕೊಂಡು, ಬಂದವರಿಗೆಲ್ಲ ಸೊಸೆ ನನ್ನ ಕಾಲಿದ್ದಂಗೆ ಅವಳೆ ಎಂದು ಹೊಗಳಿಕೊಂಡು. ಹಾಗೆಯೇ ಹೋಗಿಬಿಟ್ಟರು. ಇದನ್ನು ಬರೆದು ಮುಗಿಸಿದ ಮೇಲೆ ಮೋಹನನಿಗೆ ಓದಲು ಕೊಡುತ್ತೇನೆ. ಅವರು ಏನು ಮಾಡುತ್ತಾರೋ ಮಾಡಲಿ.

ನಿಮಗೆ ಗೊತ್ತಿರಲಿಲ್ಲ ಅತ್ತೆ. ನಿಮ್ಮ ಕಾಲು ಚೆನ್ನಾಗಿತ್ತು. ನನಗೆ ಗೊತ್ತಿತ್ತು.