ಜಗದಾಂಬಾ ಬರೆಸಿದ ಷರತ್ತುಗಳು

ಹೇರೋಹಳ್ಳಿಯಲ್ಲಿ ಶಂಭುಲಿಂಗಪ್ಪನದು ಬ್ಯಾಗು ಹೊಲಿಯುವ ಕಾರ್ಖಾನೆ. ಅಲ್ಲಿ ಜಗದಾಂಬಾ ಹನ್ನೊಂದು ವರ್ಷ ಸಂಬಳದ ಲೆಕ್ಕ ಬರೆದಳು. ಗಂಡ ತೀರಿಕೊಂಡ ಮೇಲೆ ದಾವಣಗೆರೆ ಬಿಟ್ಟು, ಮಗಳು ಶಿವಾನಿಯ ಕೈ ಹಿಡಿದು ಬಸವೇಶ್ವರನಗರಕ್ಕೆ ಬಂದವಳು. "ನಮ್ಮೋರು ಅಂದ್ರೆ ನಂಬಿಕೆ ಇರುತ್ತೆ" ಎಂದು ಶಂಭುಲಿಂಗಪ್ಪ ಕೆಲಸ ಕೊಟ್ಟಿದ್ದ.

ನಂಬಿಕೆಯ ಅರ್ಥ ಮೊದಲ ತಿಂಗಳೇ ತಿಳಿಯಿತು. ಪುಸ್ತಕದಲ್ಲಿ ಸರ್ಕಾರ ಹೇಳಿದ ಕನಿಷ್ಠ ವೇತನ, ಕವರಿನಲ್ಲಿ ಅದರ ಮುಕ್ಕಾಲು. ಹತ್ತು ಗಂಟೆ ಹೊಲಿದರೂ ಹಾಜರಿಯಲ್ಲಿ ಎಂಟೇ. ಕೊಪ್ಪಳದ ಕಡೆಯ ಹನುಮವ್ವ ಒಮ್ಮೆ, "ಎಷ್ಟಂತ ಬರದೀರಿ ಅಕ್ಕಾ ಇದರಾಗ?" ಎಂದು ಕೇಳಿದ್ದಳು. "ಸೈನ್ ಹಾಕಮ್ಮ, ಹಿಂದೆ ಜನ ನಿಂತಿದಾರೆ" ಎಂದಿದ್ದಳು ಜಗದಾಂಬಾ.

ಹೋದ ವರ್ಷ ಕಾರ್ಮಿಕ ಇಲಾಖೆಯ ಅಧಿಕಾರಿ ತಪಾಸಣೆಗೆ ಬಂದರು. ಕವರಿನ ಮೊತ್ತಕ್ಕೂ ಪುಸ್ತಕಕ್ಕೂ ತಾಳೆಯಾಗಲಿಲ್ಲ. ಶಂಭುಲಿಂಗಪ್ಪ ಇಪ್ಪತ್ತಮೂರು ಜನರೆದುರು ಕೈ ತೋರಿಸಿ, "ಈ ಹೆಂಗಸು ಸಾರ್. ನಾನು ಪೂರ್ತಿ ಕೊಡ್ತಿದ್ದೆ, ಇವಳು ಮಧ್ಯೆ ನುಂಗಿದಾಳೆ" ಎಂದ. ಅಂದೇ ಅವಳನ್ನು ಮನೆಗೆ ಕಳಿಸಿದ.

ಸುದ್ದಿ ನೆಂಟರಿಷ್ಟರಿಗೂ ಮುಟ್ಟಿತು. ವಿಜಯನಗರದ ಒಂದು ಮದುವೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವಳು ತನ್ನ ಪರ್ಸನ್ನು ಮೆಲ್ಲಗೆ ಮಡಿಲಿಗೆಳೆದುಕೊಂಡಳು. ಜಗದಾಂಬಾ ಎಲೆ ಮುಂದಿನಿಂದ ಎದ್ದು ಬಂದಳು. ಆ ದಿನದಿಂದ ಅವಳಿಗೆ ಒಂದೇ ಜಪ: ಅವನನ್ನು ಬಿಡಬಾರದು.

ಅವಳ ಫೋನಿನಲ್ಲಿ ನಾಲ್ಕು ವರ್ಷದ ವಾಟ್ಸಾಪ್ ಇತ್ತು. ಪ್ರತಿ ತಿಂಗಳೂ ಕವರಿಗೆ ಹಾಕುವ ನಿಜವಾದ ಮೊತ್ತವನ್ನು ಅವಳು ಕಳಿಸಿದ್ದಳು, ಅವನು "ಓಕೆ" ಎಂದು ಉತ್ತರಿಸಿದ್ದ. ಅದನ್ನು ಹಿಡಿದು ಹನುಮವ್ವನ ಶೀಟಿನ ಮನೆಗೆ ಹೋದಳು. ಕೆಲಸದವರು ಜೊತೆಗೆ ನಿಂತರೆ ಇಲಾಖೆಗೆ ಕೊಡುವ ದೂರಿಗೆ ಬಲ.

ಹನುಮವ್ವ ಕೂರು ಎನ್ನಲೂ ಇಲ್ಲ. "ಬರದಾಕಿ ನೀವ. ಅವನ ಕೂಡ ನೀವೂ ಸಿಗಬೀಳ್ತೀರಿ."

"ಬೀಳ್ತೀನಿ. ನಾನು ಮುಳುಗಿದ್ರೂ ಅವನ ಜುಟ್ಟು ಹಿಡ್ಕೊಂಡೇ ಮುಳುಗ್ತೀನಿ."

ಹನುಮವ್ವ ಒಳಗಿನಿಂದ ಪೆನ್ನು ತಂದಳು. ಒಟ್ಟು ಹತ್ತೊಂಬತ್ತು ಸಹಿಯಾದವು. ಸುಳ್ಳು ಬರೆದದ್ದು ನಾನೇ, ಬರೆಸಿದ್ದು ಅವನು ಎಂದು ಜಗದಾಂಬಾ ಅಧಿಕಾರಿಯೆದುರು ಹೇಳಿಕೆ ಕೊಟ್ಟಳು.

ಮುಂದಿನ ವಾರ ಶಂಭುಲಿಂಗಪ್ಪ ಸೇಬಿನ ಬುಟ್ಟಿ ಹಿಡಿದು ಮನೆಗೆ ಬಂದ. "ನಿನಗೊಬ್ಬಳಿಗೆ ಎಷ್ಟು ಬೇಕು ಹೇಳಮ್ಮ, ಸೆಟಲ್ ಮಾಡೋಣ."

ಅವಳು ಶಿವಾನಿಯ ನೋಟ್‌ಬುಕ್ಕಿನಿಂದ ಹಾಳೆ ಹರಿದು ಅವನ ಮುಂದಿಟ್ಟಳು. "ಬರ್ಕೊಳ್ಳಿ. ಹಳೇ ಬಾಕಿ ಎಲ್ಲರಿಗೂ, ದಂಡದ ಸಮೇತ. ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಏರಿದಾಗ ಸಂಬಳಾನೂ ಏರ್ಬೇಕು. ದುಡ್ಡು ಬ್ಯಾಂಕಿಗೇ ಹೋಗ್ಬೇಕು. ದುಡಿದ ಗಂಟೆ ಎಲ್ಲಾ ಹಾಜರೀಲಿ, ಹೆಚ್ಚಿನ ಗಂಟೆಗೆ ಎರಡರಷ್ಟು. ಸಂಬಳದ ಚೀಟಿ ಕನ್ನಡದಲ್ಲಿ. ದರದ ಪಟ್ಟಿ ಬಾಗಿಲಲ್ಲಿ."

ಅವನು ಅರ್ಧಕ್ಕೆ ಪೆನ್ನಿಟ್ಟ. "ಇಷ್ಟೆಲ್ಲಾ ಮಾಡಿದ್ರೆ ನಾನು ಉಳೀತೀನಾ?"

"ಮೊದಲ ದಿನದಿಂದ ಮಾಡಿದ್ರೆ ಆರಾಮಾಗಿ ಉಳೀತಿದ್ರಿ. ಇನ್ನೊಂದಿದೆ. ನಾನು ಒಂದು ರೂಪಾಯಿ ಮುಟ್ಟಿಲ್ಲ ಅಂತ ನೀವು ಎಲ್ಲರೆದುರು ಹೇಳ್ಬೇಕು."

ಸೇಬನ್ನು ಅವನ ಕೈಗೇ ವಾಪಸ್ಸಿಟ್ಟಳು.

ಇಲಾಖೆಯ ಆದೇಶ ಬಂದಾಗ ಅವನು ಮಹಾಲಕ್ಷ್ಮಿ ಲೇಔಟಿನ ಸೈಟು ಮಾರಿ ಬಾಕಿ ತೀರಿಸಬೇಕಾಯಿತು. ಅದೇ ಕಾರ್ಖಾನೆಯಲ್ಲಿ, ಮಿಷಿನ್ನುಗಳನ್ನು ನಿಲ್ಲಿಸಿ, ಕೇಸು ಇನ್ನೂ ಮುಂದೆ ಹೋಗದಿದ್ದರೆ ಸಾಕೆಂದು ಆ ಮಾತನ್ನೂ ಹೇಳಿದ, ನೆಲ ನೋಡುತ್ತಾ.

"ಹಿಂದಿರೋರಿಗೆ ಕೇಳಿಸ್ಲಿಲ್ಲ ಸಾರ್," ಎಂದಳು ಜಗದಾಂಬಾ.

ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ. ಅವಳ ಹೊಟ್ಟೆಯೊಳಗೆ ತಣ್ಣನೆಯ ಮಜ್ಜಿಗೆ ಇಳಿದ ಹಾಗಾಯಿತು.

ಹೊರಗೆ ಗೇಟಿನ ಬಳಿ ಹನುಮವ್ವ ತಡೆದಳು. "ರೊಕ್ಕ ಬಂತು. ಆದ್ರ ಹನ್ನೊಂದು ವರ್ಷ ನೀವು ಬರದದ್ದು ನಾ ಮರಿಯಂಗಿಲ್ಲ."

"ಮರೀಬೇಡ," ಎಂದಳು ಜಗದಾಂಬಾ.

ಲೆಕ್ಕ ಬರೆಯಲು ಮತ್ತೆ ಯಾರೂ ಅವಳನ್ನು ಕರೆದಿಲ್ಲ. ನಾಗರಬಾವಿಯಲ್ಲಿ ವಿದ್ಯಾರ್ಥಿಗಳಿಗೆ ರೊಟ್ಟಿ ಊಟ ಮಾಡಿಕೊಡುತ್ತಾಳೆ. ಶಂಭುಲಿಂಗಪ್ಪನ ಹೆಸರು ಬಂದರೆ ಇವತ್ತಿಗೂ ಅವಳ ಕೈಯ ಲಟ್ಟಣಿಗೆ ಒಂದು ಕ್ಷಣ ನಿಲ್ಲುತ್ತದೆ.